ಗೇಟಿನಿಂದ ಪೋರ್ಟಿಕೋವರೆಗಿನ ಕಾರಿನ ದಾರಿ: ಕಡಿಮೆ ಖರ್ಚಿನಲ್ಲಿ ಬಾಳುವ ಹಾಸನ್ನು ಆರಿಸುವುದು ಹೇಗೆ?

ಗೇಟಿನಿಂದ ಪೋರ್ಟಿಕೋವರೆಗೆ ಕಾರು ಓಡಾಡುವ ದಾರಿ ಬಿರುಕು ಬಿಟ್ಟು, ಅಲ್ಲಲ್ಲಿ ಕುಸಿದು, ಮಳೆ ಬಂದಾಗಲೆಲ್ಲ ನೀರು ನಿಲ್ಲತೊಡಗಿದ ಮೇಲೆ ಹೆಚ್ಚಿನವರು ನೇರವಾಗಿ ಇಂಟರ್‌ಲಾಕ್ ಮಾರುವವರ ಬಳಿಗೆ ಹೋಗಿ ಚದರಡಿಗೆ ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ಅಲ್ಲಿ ಸಿಗುವುದು ಮೇಲಿನ ಹಾಸಿನ ದರ ಮಾತ್ರ. ಹಳೆಯದನ್ನು ಒಡೆಯುವ ಕೂಲಿ, ಒಡೆದದ್ದನ್ನು ಸಾಗಿಸುವ ಬಾಡಿಗೆ, ಕೆಳಗಿನ ಜಲ್ಲಿಯ ಪದರ, ಅಂಚಿನ ಕಟ್ಟು, ಹಾಸುವ ಕೂಲಿ ಇವೆಲ್ಲ ಆ ದರದಲ್ಲಿ ಸೇರಿರುವುದಿಲ್ಲ. ಯಾವ ಹಾಸು ಅಗ್ಗ ಎಂಬುದನ್ನು ಕೊನೆಗೆ ನಿರ್ಧರಿಸುವುದು ಮಾತ್ರ ಈ ಬಾಬತ್ತುಗಳೇ. ಆದ್ದರಿಂದ ಸಾಮಗ್ರಿಯನ್ನು ಆರಿಸುವುದಕ್ಕೆ ಮೊದಲು, ಈಗಿರುವ ದಾರಿ ಏಕೆ ಹಾಳಾಯಿತು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಬಿರುಕುಗಳನ್ನು ಹತ್ತಿರದಿಂದ ನೋಡಿ. ಬಿರುಕಿನ ಎರಡೂ ಬದಿಗಳು ಒಂದೇ ಮಟ್ಟದಲ್ಲಿದ್ದರೆ ಅದು ಬಹುತೇಕ ಕಾಂಕ್ರೀಟ್ ಒಣಗುವಾಗ ಕುಗ್ಗಿದ್ದರ ಗುರುತು. ಕೆಳಗಿನ ನೆಲ ಗಟ್ಟಿಯಾಗಿಯೇ ಇದ್ದೀತು. ಒಂದು ಬದಿ ತಗ್ಗಿದ್ದರೆ ಅಲ್ಲಿ ನೆಲ ಕೂತಿದೆ ಎಂದರ್ಥ. ಕಬ್ಬಿಣದ ಸರಳಿನಿಂದ ಅಲ್ಲಲ್ಲಿ ಕುಟ್ಟಿದಾಗ ಟೊಳ್ಳು ಸದ್ದು ಬಂದರೆ ಕೆಳಗೆ ಪೊಳ್ಳಾಗಿದೆ. ಅದಕ್ಕೆ ಹೆಗ್ಗಣದ ಬಿಲವೂ ಕಾರಣವಾಗಬಹುದು, ಸೋರುವ ನೀರಿನ ಪೈಪೂ ಕಾರಣವಾಗಬಹುದು. ಪೈಪಿನ ವಿಷಯದಲ್ಲಿ ಅನುಮಾನವಿದ್ದರೆ ನೀರು ಬರುವ ದಿನ ಸಂಪಿನ ಕಡೆಯ ವಾಲ್ವನ್ನು ಪೂರ್ತಿ ಮುಚ್ಚಿ ಮೀಟರನ್ನು ಗಮನಿಸಿ; ಆಗಲೂ ಮುಳ್ಳು ತಿರುಗುತ್ತಿದ್ದರೆ ಮೀಟರಿಗೂ ಸಂಪಿಗೂ ನಡುವೆ ಎಲ್ಲೋ ನೀರು ಮಣ್ಣಿಗೆ ಹೋಗುತ್ತಿದೆ. ಅದನ್ನು ಸರಿಪಡಿಸದೆ ಮೇಲೆ ಏನನ್ನು ಹಾಸಿದರೂ ದುಡ್ಡು ದಂಡ.

ನಗರಗಳಲ್ಲಿ ಇನ್ನೊಂದು ಕಾರಣವಿದೆ. ರಸ್ತೆಗೆ ಪ್ರತಿ ಬಾರಿ ಡಾಂಬರು ಹಾಕುವಾಗ ಹಳೆಯ ಪದರವನ್ನು ಕೆರೆದು ತೆಗೆಯದಿದ್ದರೆ ರಸ್ತೆಯ ಮಟ್ಟ ಏರುತ್ತಾ ಹೋಗಿ, ಒಂದು ಕಾಲಕ್ಕೆ ಎತ್ತರದಲ್ಲಿದ್ದ ಮನೆಯ ಅಂಗಳವೇ ತಗ್ಗಾಗುತ್ತದೆ. ಇಂತಹ ಮನೆಗಳಲ್ಲಿ ಸಾಮಗ್ರಿಗಿಂತ ಮಟ್ಟವೇ ದೊಡ್ಡ ಪ್ರಶ್ನೆ. ರಸ್ತೆ, ಗೇಟು, ಪೋರ್ಟಿಕೋ ಈ ಮೂರು ಕಡೆಯ ಮಟ್ಟವನ್ನು ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮೇಸ್ತ್ರಿಯ ಕೈಯಲ್ಲಿ ಅಳೆಸಿ ಗೋಡೆಯ ಮೇಲೆ ಗುರುತು ಹಾಕಿಸಿಕೊಳ್ಳಿ. ಪ್ರತಿ 50 ಅಡಿಗೆ 1 ಅಡಿಯ ವಾಟ, ಅಂದರೆ 10 ಅಡಿ ಅಗಲಕ್ಕೆ ಸುಮಾರು ಎರಡೂವರೆ ಇಂಚು, ನೀರು ಹರಿದುಹೋಗಲು ಸಾಕು. ಗೇಟಿನಿಂದಾಚೆ ಇರುವ ಚರಂಡಿಯೂ ಕಾಲುದಾರಿಯೂ ಸಾರ್ವಜನಿಕ ಜಾಗವಾದ್ದರಿಂದ ಅಲ್ಲಿಯವರೆಗೆ ಕಾಂಕ್ರೀಟ್ ಇಳಿಜಾರನ್ನು ಚಾಚುವ ಆಸೆಯನ್ನು ಬಿಡುವುದೇ ಕ್ಷೇಮ. ನಗರಪಾಲಿಕೆ ಒಂದು ದಿನ ಬಂದು ಒಡೆದರೆ ಆ ಖರ್ಚೆಲ್ಲ ನೀರುಪಾಲು.

ನೆಲದ ಗುಣ ಊರಿನಿಂದ ಊರಿಗೆ ಬದಲಾಗುತ್ತದೆ. ಹಳೆ ಮೈಸೂರು ಭಾಗದ ಕೆಂಪು ಮಣ್ಣನ್ನು ನೀರು ಚಿಮುಕಿಸಿ ಚೆನ್ನಾಗಿ ದಮ್ಮಸು ಮಾಡಿದರೆ ಅದು ಭಾರವನ್ನು ಹೊರುತ್ತದೆ. ವಿಜಯಪುರ, ಗದಗ, ಕಲಬುರಗಿ ಕಡೆಯ ಎರೆಮಣ್ಣು ಹಾಗಲ್ಲ. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಸೀಳು ಬಿಡುವ ಅದರ ಮೇಲೆ ನೇರವಾಗಿ ಹಾಕಿದ ನಾಲ್ಕು ಇಂಚಿನ ಕಾಂಕ್ರೀಟ್ ಕೆಲವೇ ವರ್ಷಗಳಲ್ಲಿ ಹೋಳಾಗುತ್ತದೆ. ಅಲ್ಲಿ ಕನಿಷ್ಠ ಒಂದು ಅಡಿಯಷ್ಟಾದರೂ ಎರೆಯನ್ನು ತೆಗೆದು ಗರಸು ತುಂಬಿ, ಪದರ ಪದರವಾಗಿ ದಮ್ಮಸು ಮಾಡಿಸಬೇಕಾಗುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ನೆಲ ಸಾಮಾನ್ಯವಾಗಿ ಗಟ್ಟಿಯಾಗಿದ್ದರೂ ತಿಂಗಳುಗಟ್ಟಲೆ ಸುರಿಯುವ ಮಳೆ, ಅದರಿಂದ ಬೆಳೆಯುವ ಪಾಚಿ, ಇವುಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿ ನಾನು ದರಗಳನ್ನು ಬರೆಯುವುದಿಲ್ಲ. ಜಲ್ಲಿ ಒಡೆಯುವ ಕ್ರಷರ್ ಎಷ್ಟು ದೂರ, ಲಾರಿ ನಿಮ್ಮ ಬೀದಿಯೊಳಗೆ ಬರುತ್ತದೆಯೇ ಎಂಬುದರ ಮೇಲೆ ದರ ಬದಲಾಗುತ್ತದೆ. ಅದರ ಬದಲು ಪ್ರಮಾಣಗಳನ್ನು ಕೊಡುತ್ತೇನೆ. ನಿಮ್ಮ ಊರಿನ ದರದಿಂದ ಗುಣಿಸಿಕೊಳ್ಳಬಹುದು. ಉದಾಹರಣೆಗೆ 10 ಅಡಿ ಅಗಲ, 30 ಅಡಿ ಉದ್ದದ, ಅಂದರೆ 300 ಚದರಡಿಯ ದಾರಿಯನ್ನು ತೆಗೆದುಕೊಳ್ಳೋಣ.

ಯಾವ ಹಾಸನ್ನು ಆರಿಸಿದರೂ ಅದರ ಕೆಳಗೆ ದಮ್ಮಸು ಮಾಡಿದ ಜಲ್ಲಿಯ ಪದರವೊಂದು ಬೇಕು. ಆರು ಇಂಚಿನ ಪದರಕ್ಕೆ ಗಟ್ಟಿಯಾದ ಮೇಲಿನ ಅಳತೆಯೇ 150 ಘನ ಅಡಿಯಾಗುವುದರಿಂದ, ಲಾರಿಯಿಂದ ಇಳಿಯುವ ಸಡಿಲ ಅಳತೆಯಲ್ಲಿ 190ರಿಂದ 200 ಘನ ಅಡಿ ತರಿಸಬೇಕಾಗುತ್ತದೆ. ಹಣ ಉಳಿಸಲು ಒಂದು ದಾರಿ ಇಲ್ಲಿದೆ: ಹಳೆಯ ಕಾಂಕ್ರೀಟನ್ನು ಎರಡು ಇಂಚಿಗಿಂತ ಸಣ್ಣದಾಗಿ ಒಡೆಸಿ, ಸಂದುಗಳಿಗೆ ಕ್ರಷರ್ ಪುಡಿ ತುಂಬಿ, ಅದನ್ನೇ ಈ ಪದರಕ್ಕೆ ಬಳಸಿದರೆ ಜಲ್ಲಿಯೂ ಕಡಿಮೆ ಸಾಕಾಗುತ್ತದೆ, ಡೆಬ್ರಿಸ್ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆಯೂ ಉಳಿಯುತ್ತದೆ. ಮಣ್ಣು, ಪ್ಲಾಸ್ಟಿಕ್, ಗಾರೆಯ ಪುಡಿ ಮಾತ್ರ ಸೇರಬಾರದು. ದಮ್ಮಸು ಮಾಡಲು ಪ್ಲೇಟ್ ಕಾಂಪ್ಯಾಕ್ಟರನ್ನು ದಿನದ ಬಾಡಿಗೆಗೆ ತಂದು ಮೂರು ಮೂರು ಇಂಚಿನ ಪದರದಲ್ಲಿ ಓಡಿಸಬೇಕು. ಆರು ಇಂಚನ್ನೂ ಒಮ್ಮೆಗೇ ಸುರಿದು ಮೇಲೆ ಯಂತ್ರ ಓಡಿಸಿದರೆ ಮೇಲ್ಭಾಗ ಮಾತ್ರ ಬಿಗಿಯಾಗುತ್ತದೆ.

ಈಗ ಕಾಂಕ್ರೀಟ್. ನಮ್ಮ 300 ಚದರಡಿಗೆ ನಾಲ್ಕು ಇಂಚಿನ ದಪ್ಪವೆಂದರೆ ಸರಿಯಾಗಿ 100 ಘನ ಅಡಿ. ಸಿಮೆಂಟ್, ಮರಳು, ಜಲ್ಲಿ 1:1.5:3 ಪ್ರಮಾಣದಲ್ಲಿರುವ ಎಂ20 ದರ್ಜೆಯ ಮಿಶ್ರಣಕ್ಕೆ ಸುಮಾರು 23 ಚೀಲ ಸಿಮೆಂಟ್, 42 ಘನ ಅಡಿ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), 84 ಘನ ಅಡಿ 20 ಮಿ.ಮೀ. ಜಲ್ಲಿ ಬೇಕು. ಗಟ್ಟಿ ನೆಲವಿದ್ದು, ಕೆಳಗೆ ಪೈಪುಗಳಿಲ್ಲದಿದ್ದರೆ ಪೂರ್ತಿ ಹಾಸುಗಳ ಪೈಕಿ ಇದು ಸಾಮಾನ್ಯವಾಗಿ ಅಗ್ಗದ್ದು. ಏಕೆಂದರೆ ಎಲ್ಲ ಊರಿನಲ್ಲೂ ಸಾಮಗ್ರಿ ಸಿಗುತ್ತದೆ, ಎಲ್ಲ ಮೇಸ್ತ್ರಿಗಳಿಗೂ ಕೆಲಸ ಗೊತ್ತು. ಆದರೆ ಗೊತ್ತಿರುವ ಕೆಲಸವೆಂಬ ಕಾರಣಕ್ಕೇ ಅದು ಕೆಡುವುದೂ ಹೆಚ್ಚು. ಸುಲಭವಾಗಿ ಹರಡಲೆಂದು ನೀರು ಸುರಿಯುವುದು ಮೊದಲ ತಪ್ಪು. ಐಎಸ್ 456 ಎಂಬ ಭಾರತೀಯ ಮಾನಕದ ಪ್ರಕಾರ ಎಂ20 ಮಿಶ್ರಣಕ್ಕೆ 50 ಕಿಲೋ ಚೀಲವೊಂದಕ್ಕೆ 30 ಲೀಟರ್ ನೀರೇ ಮಿತಿ, ಅದರಲ್ಲಿ ಮರಳಿನ ತೇವವೂ ಸೇರಿದೆ. ಎರಡನೆಯದು, ಮೇಲೆ ನೀರು ತೇಲಿ ಬಂದಾಗ ಅದನ್ನು ಹೀರಲೆಂದು ಒಣ ಸಿಮೆಂಟನ್ನು ಉದುರಿಸಿ ಕರಣೆಯಿಂದ ಕನ್ನಡಿಯಂತೆ ಉಜ್ಜುವುದು. ಅಂದಕ್ಕೆ ಚೆನ್ನಾಗಿಯೇ ಕಾಣುವ ಆ ತೆಳು ಪೊರೆ ಟಯರಿನಡಿ ಹಪ್ಪಳದಂತೆ ಏಳುತ್ತದೆ, ಮಳೆಯಲ್ಲಿ ಜಾರುತ್ತದೆ. ತೇಲಿದ ನೀರು ತಾನಾಗಿ ಆರುವವರೆಗೆ ಕಾದು, ಮರದ ಹಲಗೆಯಿಂದ ಸಮ ಮಾಡಿ, ಗಟ್ಟಿ ಪೊರಕೆಯಿಂದ ಅಡ್ಡ ಗೆರೆ ಎಳೆಸುವುದೇ ಸರಿ.

ಕಾಂಕ್ರೀಟ್ ಕುಗ್ಗಿಯೇ ಕುಗ್ಗುತ್ತದೆ. ಬಿರುಕು ಎಲ್ಲಿ ಬರಬೇಕೆಂಬುದನ್ನು ನಾವು ಹೇಳಬಹುದು ಅಷ್ಟೆ. 30 ಅಡಿ ಉದ್ದವನ್ನು ಏಳೂವರೆ ಅಡಿಯ ನಾಲ್ಕು ಭಾಗ ಮಾಡಿ, ಕಾಂಕ್ರೀಟ್ ಹಾಕಿದ ಮರುದಿನವೇ ನಡುವೆ ಒಂದು ಇಂಚು ಆಳದ ಸಂದನ್ನು ಯಂತ್ರದಿಂದ ಕೊಯ್ಸಿದರೆ ಬಿರುಕು ಆ ಗೆರೆಯೊಳಗೇ ಅಡಗುತ್ತದೆ. ಈಗ ಸಾಮಾನ್ಯವಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ನೀರು ಕಟ್ಟಬೇಕು. ಕಾರನ್ನು 28 ದಿನ ಹೊರಗೆ ನಿಲ್ಲಿಸುವ ವ್ಯವಸ್ಥೆಯನ್ನೂ ಮೊದಲೇ ಮಾಡಿಕೊಂಡಿರಿ. ಕಬ್ಬಿಣದ ಜಾಲರಿ ಹಾಕಿಸುವುದಾದರೆ ಅದರಡಿ ಕವರ್ ಬ್ಲಾಕ್ ಎಂಬ ಸಣ್ಣ ಸಿಮೆಂಟ್ ತುಂಡುಗಳನ್ನು ಇಟ್ಟು ಎತ್ತಿಸಿ. ನೆಲಕ್ಕೆ ಅಂಟಿಕೊಂಡ ಜಾಲರಿಯಿಂದ ಯಾವ ಉಪಯೋಗವೂ ಇಲ್ಲ.

ಇಂಟರ್‌ಲಾಕ್ ಬ್ಲಾಕುಗಳ ನಿಜವಾದ ಲಾಭ ಅಂದವಲ್ಲ, ಕಿತ್ತು ಮತ್ತೆ ಹಾಸಬಹುದೆಂಬುದು. ಬೆಂಗಳೂರಿನ ಸಾಮಾನ್ಯ ಮನೆಯೊಂದರ ಗೇಟಿನೊಳಗೆ ಸಂಪು, ಒಳಚರಂಡಿಯ ಚೇಂಬರ್, ನೀರಿನ ಪೈಪು, ವಿದ್ಯುತ್ ಕೇಬಲ್ ಎಲ್ಲವೂ ಒಂದೇ ಜಾಗದಲ್ಲಿ ಹಾದುಹೋಗುತ್ತವೆ. ಹತ್ತು ವರ್ಷಗಳಲ್ಲಿ ಒಮ್ಮೆಯಾದರೂ ಅದನ್ನು ಅಗೆಯದೆ ಇರಲಾಗುವುದಿಲ್ಲ. ಕಾಂಕ್ರೀಟಾದರೆ ಅಗೆದ ಜಾಗ ತೇಪೆಯಾಗಿ ಉಳಿಯುತ್ತದೆ. ಹಾಗಾಗಿ ಪೈಪುಗಳಿರುವ ಅಂಗಳಕ್ಕೆ, ಮೊದಲ ಖರ್ಚು ತುಸು ಹೆಚ್ಚಾದರೂ, ನಾನು ಬ್ಲಾಕುಗಳನ್ನೇ ಸೂಚಿಸುತ್ತೇನೆ. ದಪ್ಪದಲ್ಲಿ ರಾಜಿ ಬೇಡ. 2006ರ ಐಎಸ್ 15658 ಮಾನಕವು 50 ಮಿ.ಮೀ. ಬ್ಲಾಕನ್ನು ವಾಹನ ಓಡಾಡದ ಜಾಗಕ್ಕೂ, ಎಂ35 ದರ್ಜೆಯ 60 ಮಿ.ಮೀ. ಬ್ಲಾಕನ್ನು ಲಘು ವಾಹನಗಳ ದಾರಿಗೂ ಹೇಳಿತ್ತು (ಮಾನಕ 2021ರಲ್ಲಿ ಪರಿಷ್ಕೃತವಾಗಿದೆ). ಅಂಗಡಿಗೆ ಅಳತೆಪಟ್ಟಿಯನ್ನು ಒಯ್ದು ರಾಶಿಯ ನಡುವಿನಿಂದ ನಾಲ್ಕಾರು ಬ್ಲಾಕುಗಳನ್ನು ಎತ್ತಿಸಿ ದಪ್ಪ ಅಳೆಯಿರಿ, ಎರಡನ್ನು ಒಂದಕ್ಕೊಂದು ಬಡಿದು ಸದ್ದು ಕೇಳಿ, ಅಂಚನ್ನು ಬೀಗದ ಕೈಯಿಂದ ಕೆರೆಯಿರಿ. ಪುಡಿ ಉದುರಿದರೆ ಬೇರೆ ಅಂಗಡಿಗೆ ಹೋಗಿ. ಒಂದು ಬ್ಲಾಕನ್ನು ಒಡೆಸಿ ನೋಡಿದರೆ ಬಣ್ಣದ ಪದರ ಎಷ್ಟು ದಪ್ಪವಿದೆ, ಒಳಗೆ ಜಲ್ಲಿ ಇದೆಯೋ ಬರೀ ಪುಡಿಯೋ ಎಂಬುದೂ ತಿಳಿಯುತ್ತದೆ.

ಬ್ಲಾಕಿನ ಕೆಳಗೆ ಸುಮಾರು 30 ಮಿ.ಮೀ. ದಪ್ಪದ ಒರಟು ಮರಳಿನ ಹಾಸು ಸಾಕು. ತಗ್ಗುಗಳನ್ನು ಮರಳಿನಿಂದ ತುಂಬಿ ಸಮ ಮಾಡುವ ಅಭ್ಯಾಸವನ್ನು ಒಪ್ಪಬೇಡಿ. ಮರಳು ಹೆಚ್ಚಾದ ಕಡೆಯೇ ಚಕ್ರದ ಗುಂಡಿ ಬೀಳುತ್ತದೆ. ಸುತ್ತಲೂ ಅಂಚನ್ನು ಕರ್ಬ್ ಕಲ್ಲು ಅಥವಾ ಕಾಂಕ್ರೀಟಿನಿಂದ ಬಿಗಿಯಾಗಿ ಕಟ್ಟಿಸದಿದ್ದರೆ ಬ್ಲಾಕುಗಳು ವರ್ಷದೊಳಗೆ ಬಾಯಿ ಬಿಡುತ್ತವೆ. ಈ ಅಂಚು ಜಲ್ಲಿಯ ಪದರಕ್ಕಿಂತಲೂ ಕೆಳಗೆ ಇಳಿದಿದ್ದರೆ ಹೆಗ್ಗಣದ ಕಾಟವೂ ತಗ್ಗುತ್ತದೆ. ಬದಿಯಿಂದ ನುಗ್ಗಿ ಮರಳನ್ನು ಬುಟ್ಟಿಗಟ್ಟಲೆ ಹೊರಹಾಕುವ ಈ ಪ್ರಾಣಿಯ ಬಗ್ಗೆ ಬ್ಲಾಕ್ ಮಾರುವವರು ಸಾಮಾನ್ಯವಾಗಿ ಮಾತೆತ್ತುವುದಿಲ್ಲ. ಕಾರು ತಿರುಗುವ ಜಾಗದಲ್ಲಿ ಬ್ಲಾಕುಗಳನ್ನು ಸಾಲಾಗಿ ಇಡದೆ, ಒಂದಕ್ಕೊಂದು ಅಡ್ಡಡ್ಡವಾಗಿ ಹೆಣೆದಂತೆ ಕೂರಿಸಿದರೆ ಅವು ಸರಿಯುವುದಿಲ್ಲ.

ಹಳೆಯ ಕಾಂಕ್ರೀಟ್ ಗಟ್ಟಿಯಾಗಿದ್ದರೆ ಅದನ್ನು ಒಡೆಯದೆ ಮೇಲೆಯೇ ಬ್ಲಾಕ್ ಹಾಸಬಹುದೇ ಎಂದು ಹಲವರು ಕೇಳುತ್ತಾರೆ. ಹಾಸಬಹುದು, ಆದರೆ ಮಟ್ಟ ಸುಮಾರು ಮೂರೂವರೆ ಇಂಚು ಏರುವುದರಿಂದ ಗೇಟಿನ ಕದ ತಿರುಗುತ್ತದೆಯೇ, ಚೇಂಬರಿನ ಮುಚ್ಚಳವನ್ನು ಏರಿಸಬೇಕೇ ಎಂಬುದನ್ನು ನೋಡಿಕೊಳ್ಳಬೇಕು, ಮರಳಿಗೆ ಇಳಿದ ನೀರು ಹೊರಹೋಗಲು ತಗ್ಗಿನ ಕಡೆ ಕಾಂಕ್ರೀಟಿಗೆ ತೂತು ಕೊರೆಸಬೇಕು.

ಕಲ್ಲಿನ ವಿಷಯದಲ್ಲಿ ನಿಯಮ ಸರಳ: ಹತ್ತಿರದ ಕ್ವಾರಿಯ ಕಲ್ಲು ಅಗ್ಗ, ದೂರದಿಂದ ಬಂದ ಕಲ್ಲು ಲಾರಿ ಬಾಡಿಗೆಯಲ್ಲೇ ದುಬಾರಿ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಸುತ್ತಮುತ್ತ ಸಾದರಹಳ್ಳಿಯಂತಹ ಬೂದು ಗ್ರಾನೈಟಿನ ಚಪ್ಪಡಿಗಳು ಸಿಗುತ್ತವೆ. ಮೂರು ಇಂಚು ದಪ್ಪದ ಒರಟು ಚಪ್ಪಡಿ ಕಾರಿನ ಭಾರಕ್ಕೆ ಜಗ್ಗುವುದಿಲ್ಲ, ಕಿತ್ತು ಮರಳಿ ಹಾಸಲೂಬಹುದು. ಹಳೆಯ ಮನೆಗಳನ್ನು ಕೆಡವುವ ಕಡೆ ವಿಚಾರಿಸಿದರೆ ಬಳಸಿದ ಚಪ್ಪಡಿಗಳು ಇನ್ನೂ ಕಡಿಮೆಗೆ ದೊರೆಯುವುದುಂಟು. ಆದರೆ ಮೂರಡಿ ಉದ್ದ, ಎರಡಡಿ ಅಗಲದ ಒಂದೇ ಚಪ್ಪಡಿ 110 ಕಿಲೋ ದಾಟುತ್ತದೆ, ಒಂದೊಂದರ ದಪ್ಪವೂ ಬೇರೆಯಾಗಿರುವುದರಿಂದ ಪ್ರತಿಯೊಂದಕ್ಕೂ ತಳವನ್ನು ಹೊಂದಿಸಿ ಕೂರಿಸಬೇಕು. ಹೀಗಾಗಿ ಕಲ್ಲಿನಲ್ಲಿ ಉಳಿದದ್ದು ಕೂಲಿಯಲ್ಲಿ ಹೋಗುವ ಸಂಭವವಿದೆ. ಕಲಬುರಗಿ ಕಡೆಯವರಿಗೆ ಶಹಾಬಾದ್ ಕಲ್ಲು ಸಹಜ ಆಯ್ಕೆ. ಒಂದು ಇಂಚಿನ ತೆಳು ಕಲ್ಲನ್ನು ಬರೀ ಮರಳಿನ ಮೇಲೆ ಹಾಸಿದರೆ ಚಕ್ರದಡಿ ಒಡೆಯುತ್ತದೆ, ಕಾಂಕ್ರೀಟ್ ತಳ ಹಾಕಿಯೇ ಕೂರಿಸಬೇಕು. ಅದು ಸುಣ್ಣದ ಕಲ್ಲಾದ್ದರಿಂದ ಆಸಿಡ್ ಹಾಕಿ ತೊಳೆಯಬಾರದು. ಕರಾವಳಿಯ ಮುರಕಲ್ಲು ಗೋಡೆಗೆ ಎಷ್ಟು ಒಳ್ಳೆಯದೋ ಚಕ್ರದಡಿಗೆ ಅಷ್ಟು ಒಳ್ಳೆಯದಲ್ಲ. ಸವೆಯುತ್ತದೆ, ಪಾಚಿ ಹಿಡಿದು ಜಾರುತ್ತದೆ.

ನಿಜಕ್ಕೂ ಕೈ ಬಿಗಿಯಾಗಿದ್ದರೆ ಇಡೀ ಅಗಲಕ್ಕೆ ಹಾಸುವ ಅಗತ್ಯವೇ ಇಲ್ಲ. ಚಕ್ರಗಳು ಓಡುವ ಕಡೆ ತಲಾ ಎರಡು ಅಡಿ ಅಗಲದ ಎರಡು ಪಟ್ಟಿಗಳನ್ನು ಮಾಡಿ, ನಡುವೆ ಎರಡೂವರೆ ಅಡಿ ಬಿಟ್ಟರೆ ಸಣ್ಣ ಕಾರಿಗೂ ದೊಡ್ಡ ಕಾರಿಗೂ ಹೊಂದುತ್ತದೆ. ಅಂಚಿಗೆ ಭಾರ ಬೀಳುವುದರಿಂದ ಪಟ್ಟಿಗಳಿಗೆ ಐದು ಇಂಚು ದಪ್ಪ ಕೊಟ್ಟರೂ 30 ಅಡಿ ಉದ್ದಕ್ಕೆ ಸುಮಾರು 12 ಚೀಲ ಸಿಮೆಂಟ್ ಸಾಕು. ಪೂರ್ತಿ ಹಾಸಿನ ಅರ್ಧದಷ್ಟು. ಉಳಿದ ಜಾಗಕ್ಕೆ 20 ಮಿ.ಮೀ. ಜಲ್ಲಿ ಹರಡಬಹುದು ಅಥವಾ ಹುಲ್ಲು ಬಿಡಬಹುದು. ಮಳೆನೀರು ಅಲ್ಲೇ ಇಂಗುತ್ತದೆ. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯ ನಂತರ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿರುವ ಬೆಂಗಳೂರಿನಲ್ಲಿ ಇದು ಸಣ್ಣ ಲಾಭವಲ್ಲ. ಇಡೀ ದಾರಿಗೆ ಬರೀ ಜಲ್ಲಿ ಹಾಸುವುದು ಇದಕ್ಕಿಂತಲೂ ಅಗ್ಗವೇ, ಆದರೆ ಸ್ಕೂಟರಿನ ಸ್ಟ್ಯಾಂಡ್ ಹೂತುಹೋಗುತ್ತದೆ, ಹೊಂಗೆಯ ಎಲೆ ಗುಡಿಸಲಾಗುವುದಿಲ್ಲ, ಮನೆಯಲ್ಲಿ ವಯಸ್ಸಾದವರಿದ್ದರೆ ನಡೆಯುವುದು ಕಷ್ಟ.

ಡಾಂಬರನ್ನು ಇಷ್ಟು ಸಣ್ಣ ಜಾಗಕ್ಕೆ ಯೋಚಿಸಬೇಡಿ. ಬಿಸಿ ಮಿಶ್ರಣ ಆರುವ ಮೊದಲೇ ರೋಲರ್ ಓಡಬೇಕು, ಆ ಯಂತ್ರವನ್ನು 300 ಚದರಡಿಗಾಗಿ ತರಿಸುವುದು ಕೈಗೆಟುಕುವ ಮಾತಲ್ಲ. ಪಾರ್ಕಿಂಗ್ ಟೈಲ್ಸಿಗೆ ಕೆಳಗೆ ಕಾಂಕ್ರೀಟ್ ಬೇಕೇ ಬೇಕಾದ್ದರಿಂದ ಖರ್ಚು ಎರಡು ಸಲ ಬೀಳುತ್ತದೆ. ಪೋರ್ಟಿಕೋದ ನೆರಳಿನೊಳಗೆ ಮಾತ್ರ ಅದು ಸರಿ.

ಅಂದಾಜುಪಟ್ಟಿ ಕೇಳುವಾಗ ಒಡೆಯುವುದು, ಸಾಗಣೆ, ಜಲ್ಲಿಯ ಪದರ, ಅಂಚು, ಮೇಲಿನ ಹಾಸು, ಕೂಲಿ, ತೆರಿಗೆ ಇವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಸಿ, ಪ್ರತಿ ಪದರದ ದಪ್ಪವನ್ನೂ ನಮೂದಿಸಲು ಹೇಳಿ. ಇಬ್ಬರು ಗುತ್ತಿಗೆದಾರರ ಮೊತ್ತದ ನಡುವಿನ ವ್ಯತ್ಯಾಸ ಬಹಳ ಸಲ ಅಡಗಿರುವುದು ಜಲ್ಲಿಯ ಪದರದ ದಪ್ಪದಲ್ಲಿಯೇ. ‘ಒಂದು ಲೋಡ್’ ಎಂಬ ಲೆಕ್ಕವನ್ನು ಒಪ್ಪದೆ ಗಾಡಿಯ ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಟೇಪಿನಿಂದ ಅಳೆದು ಘನ ಅಡಿಯಲ್ಲಿ ಹಣ ಕೊಡಿ. ಬ್ಲಾಕುಗಳಾದರೆ ಅದೇ ಲಾಟಿನ ಹತ್ತಿಪ್ಪತ್ತನ್ನು ಮುಂದಿನ ದುರಸ್ತಿಗೆಂದು ತೆಗೆದಿಡಿ. ಕೆಲಸವನ್ನು ಮಳೆಗಾಲ ಕಳೆದ ಮೇಲೆ, ನೆಲ ಒಣಗಿದಾಗ ಹಿಡಿಸಿ. ಕೊನೆಯ ಕಂತನ್ನು ಕೊಡುವ ಮೊದಲು ಪೋರ್ಟಿಕೋ ಬದಿಯಲ್ಲಿ ಅರ್ಧ ಗಂಟೆ ಪೈಪಿನಿಂದ ನೀರು ಬಿಟ್ಟು, ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿ ಮೇಸ್ತ್ರಿಗೆ ತೋರಿಸಿ.