ಎರಡು ಗಂಟೆಗೆ ಹೊರಡುತ್ತೇನೆ ಎಂದು ಮೊದಲೇ ಹೇಳಿದೆ

ಮಗಳು ಹುಟ್ಟುವ ಮುಂಚೆ, 2014ರಲ್ಲಿ, ನಾನು ಲೆಕ್ಕ ಬರೆಯುವ ಕೆಲಸ ಬಿಟ್ಟೆ. ಆಗ ಬಿಲ್ಲಿನ ಮೇಲೆ ಟಿನ್ ಎಂಬ 11 ಅಂಕಿಯ ತೆರಿಗೆ ನೋಂದಣಿ ಸಂಖ್ಯೆ ಇರುತ್ತಿತ್ತು. ತಿಂಗಳ 20ರೊಳಗೆ ಆಗಿನ ಮಾರಾಟ ತೆರಿಗೆಯಾದ ವ್ಯಾಟ್‌ನ ಲೆಕ್ಕವನ್ನು ವ್ಯಾಟ್ 100 ನಮೂನೆಯಲ್ಲಿ ಸಲ್ಲಿಸಿದರೆ ನೆಮ್ಮದಿ. 2023ರಲ್ಲಿ ಮತ್ತೆ ಕೆಲಸ ಹುಡುಕಲು ಹೊರಟಾಗ ಮಗಳು ಮೂರನೆಯ ತರಗತಿ, ಮಗ ಯುಕೆಜಿ. ನಾನು ಬಲ್ಲ ತೆರಿಗೆಯ ಜಾಗದಲ್ಲಿ ಜಿಎಸ್‌ಟಿ ಬಂದು ಆರು ವರ್ಷವಾಗುತ್ತಿತ್ತು.

ಮಂಡ್ಯದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ತಮ್ಮನಿಂದ ಮಾರ್ಚ್ ತಿಂಗಳ ಬಿಲ್ಲುಗಳನ್ನು ಒಂದು ಚೀಲದಲ್ಲಿ ತಂದೆ. ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಪ್ರೈಮ್ ಕಲಿಯುವವರಿಗೆ ಉಚಿತವಾಗಿ ಸಿಗುತ್ತದೆ, ಆದರೆ ಅದರಲ್ಲಿ 1, 2 ಮತ್ತು 31ನೇ ತಾರೀಖುಗಳನ್ನು ಮಾತ್ರ ನಮೂದಿಸಬಹುದು. ಇಡೀ ತಿಂಗಳ ವ್ಯಾಪಾರವನ್ನು ಆ ಮೂರು ದಿನಗಳಿಗೆ ಹಂಚಿ, ಮಕ್ಕಳು ಮಲಗಿದ ಮೇಲೆ ಊಟದ ಮೇಜಿನ ಮೇಲೆ ಬರೆದೆ. ಖರ್ಚು, ಜಮಾ, ಬ್ಯಾಂಕ್ ತಾಳೆ ಯಾವುದೂ ಬದಲಾಗಿರಲಿಲ್ಲ. ಕೈ ತಾನಾಗಿಯೇ ಓಡಿತು. ಹೊಸದಾಗಿ ಕಲಿಯಬೇಕಿದ್ದುದು ಜಿಎಸ್‌ಟಿಯ 2ಬಿ ಪಟ್ಟಿ: ನಮಗೆ ಮಾಲು ಮಾರಿದವರು ತಮ್ಮ ಬಿಲ್ಲನ್ನು ಜಿಎಸ್‌ಟಿ ಜಾಲತಾಣಕ್ಕೆ ಏರಿಸಿದ್ದರೆ ಮಾತ್ರ ನಾವು ಕಟ್ಟಿದ ತೆರಿಗೆ ಜಮೆಯಾಗಿ ಸಿಗುತ್ತದೆ. ತಮ್ಮನ ಲೆಕ್ಕದಲ್ಲಿ ಅಂಥ ಎರಡು ಬಿಲ್ಲು ಪಟ್ಟಿಯಲ್ಲಿ ಇಲ್ಲದ್ದನ್ನು ಹಿಡಿದ ರಾತ್ರಿ, ನನಗೆ ಕೆಲಸ ಬರುತ್ತದೆ ಎಂಬ ಧೈರ್ಯ ಬಂದಿತು.

ಮೊದಲ ಕಡೆ ಹನ್ನೆರಡೇ ದಿನ ಇದ್ದೆ. ಅರ್ಧ ದಿನದ ಕೆಲಸ ಎಂದಿದ್ದರು. ಎಷ್ಟು ಗಂಟೆಗೆ ಬಿಡುತ್ತೀರಿ ಎಂದು ಸಂಕೋಚಕ್ಕೆ ನಾನು ಕೇಳಲಿಲ್ಲ. ಒಂದೂವರೆ ಮೂರಾಯಿತು, ಮೂರು ಐದಾಯಿತು. ಒಂದು ದಿನ ಮಗ ಶಾಲೆಯ ಗೇಟಿನ ಬಳಿ ಕಾವಲುಗಾರರ ಕುರ್ಚಿಯಲ್ಲಿ ಒಂದು ಗಂಟೆ ಕುಳಿತಿದ್ದ. ಅವನು ಅಳಲಿಲ್ಲ. ಅಷ್ಟು ಹೊತ್ತು ಸುಮ್ಮನೆ ಕಾದಿದ್ದನಲ್ಲ, ಅದನ್ನು ನನಗೆ ಸಹಿಸಲಾಗಲಿಲ್ಲ.

ಎರಡನೆಯದು ಮೈಸೂರಿನ ಸಂತೆಪೇಟೆಯ ಸ್ಟೀಲ್ ಪಾತ್ರೆಗಳ ಸಗಟು ಮಳಿಗೆ. ಅಲ್ಲಿ ಸಂಬಳಕ್ಕಿಂತ ಮೊದಲು ಸಮಯದ ಮಾತನ್ನೇ ಎತ್ತಿದೆ. "ಸರ್, ಹತ್ತಕ್ಕೆ ಬರುತ್ತೇನೆ, ಎರಡಕ್ಕೆ ಹೊರಡುತ್ತೇನೆ. ಆದರೆ 10, 11 ಮತ್ತು 19, 20ನೇ ತಾರೀಖು ನಾಲ್ಕರವರೆಗೂ ಇರುತ್ತೇನೆ" ಎಂದೆ. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ನಮೂನೆಗೆ 11, ತೆರಿಗೆ ಕಟ್ಟುವ 3ಬಿ ನಮೂನೆಗೆ 20 ಕೊನೆಯ ದಿನ. ಲೆಕ್ಕದವರು ಬೇಕೇ ಬೇಕಾಗುವುದು ಆ ದಿನಗಳಲ್ಲಿ. ಯಜಮಾನರು ಸ್ವಲ್ಪ ಹೊತ್ತು ಕ್ಯಾಲೆಂಡರ್ ನೋಡಿ, "ಆಯಿತಮ್ಮ, ಸೋಮವಾರದಿಂದ ಬನ್ನಿ" ಎಂದರು. ತಿಂಗಳಿಗೆ ಒಂಬತ್ತು ಸಾವಿರ. ಅಲ್ಲಿರುವವರು ಏಳೇ ಜನ, ಹಾಗಾಗಿ ಭವಿಷ್ಯನಿಧಿ ಇಲ್ಲ. ಅದಕ್ಕೇ ಮೊದಲ ತಿಂಗಳಿನಿಂದಲೇ ಅಂಚೆ ಕಚೇರಿಯಲ್ಲಿ ಸಾವಿರ ರೂಪಾಯಿಯ ಆರ್‌ಡಿ ಕಟ್ಟುತ್ತಿದ್ದೇನೆ. ರಾಮಕೃಷ್ಣನಗರದಿಂದ ಸಿಟಿ ಬಸ್ಸಿಗೆ ಖರ್ಚಿಲ್ಲ. ಆ ವರ್ಷದ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತು. ಒಂಬತ್ತು ಸಾವಿರದಲ್ಲಿ ಬಸ್ಸಿನ ದುಡ್ಡು ಉಳಿಯುವುದು ಸಣ್ಣ ಸಂಗತಿಯಲ್ಲ.

ಮನೆಯಲ್ಲಿ ಮಾತ್ರ ಈ ಮಾತನ್ನು ತಡವಾಗಿ ಆಡಿದೆ. ಮೊದಲ ಎರಡು ತಿಂಗಳು ನಾಲ್ಕೂವರೆಗೆ ಎದ್ದು ಎಲ್ಲವನ್ನೂ ನಾನೇ ಮುಗಿಸಿ ಹೊರಡುತ್ತಿದ್ದೆ. ಅದು ತಪ್ಪು. ಒಂದು ಬೆಳಿಗ್ಗೆ ಒಲೆಯ ಮುಂದೆಯೇ ತಲೆ ಸುತ್ತಿತು. ಅತ್ತೆ ಕೈ ಹಿಡಿದು ಕೂರಿಸಿ, "ಹುಳಿ ನನಗೆ ಬಿಡಮ್ಮ. ಡಬ್ಬಿ ಕಟ್ಟುವುದಕ್ಕೆ ಅವನಿಗೆ ಏನಾಗಿದೆ?" ಎಂದರು. ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವ ನನ್ನ ಯಜಮಾನರು ಅಂದಿನಿಂದ, ಬೆಳಗಿನ ಪಾಳಿ ಇಲ್ಲದ ವಾರಗಳಲ್ಲಿ, ಮಕ್ಕಳ ಡಬ್ಬಿ ಕಟ್ಟುತ್ತಾರೆ. ನಾನು ತಡವಾಗಿ ಬರುವ ನಾಲ್ಕು ದಿನ ಮಕ್ಕಳನ್ನು ಕರೆತರುವುದು ಅತ್ತೆ.

ದಸರೆ ಮಾತ್ರ ಇನ್ನೂ ಕಷ್ಟ. ಶಾಲೆಗೆ ರಜೆ, ಮಳಿಗೆಯಲ್ಲಿ ದೀಪಾವಳಿಯವರೆಗೂ ಉಸಿರಾಡಲು ಬಿಡದಷ್ಟು ವ್ಯಾಪಾರ. ಕಳೆದ ಸಲ ಬೆಳಿಗ್ಗೆ ಎಂಟಕ್ಕೇ ಹೋಗಿ, ಗಿರಾಕಿಗಳು ನೆರೆಯುವ ಮುನ್ನ ಹಿಂದಿನ ದಿನದ ಬಿಲ್ಲುಗಳನ್ನು ಬರೆದು, ಹನ್ನೆರಡಕ್ಕೆ ಮನೆ ಸೇರುತ್ತಿದ್ದೆ. ಈ ವರ್ಷವೂ ಹಾಗೆಯೇ ಎಂದು ಮಳಿಗೆಯ ಯಜಮಾನರಿಗೆ ಈಗಲೇ ತಿಳಿಸಿದ್ದೇನೆ.