ಮಂಕಾದ ಮಾರ್ಬಲ್ ನೆಲಕ್ಕೆ ಮತ್ತೆ ಹೊಳಪು: ಹೊಸಬರಿಗೆ

ಮೈಸೂರಿನ ಹಳೇ ಮನೆಗಳಲ್ಲಿ ರೆಡ್ ಆಕ್ಸೈಡ್, ಮೊಸಾಯಿಕ್ ಇರುತ್ತಿತ್ತು. ಆಮೇಲೆ ಕುವೆಂಪುನಗರ, ವಿಜಯನಗರದ ಕಡೆ ಎಷ್ಟೋ ಮನೆಗಳಿಗೆ ಬಿಳಿ ಮಾರ್ಬಲ್ ಹಾಕಿಸಿದರು. ಅದು ಮಂಕಾದ ತಕ್ಷಣ ‘ಕಿತ್ತು ಟೈಲ್ಸ್ ಹಾಕಿಸಿ’ ಅನ್ನುವವರ ಮಾತು ಕೇಳಬೇಡಿ. ಎಷ್ಟೋ ಟೈಲ್ಸ್‌ಗೆ ಬಣ್ಣ, ಹೊಳಪು ಇರೋದು ಮೇಲಿನ ತೆಳು ಪದರದಲ್ಲಿ ಮಾತ್ರ, ಮಾರ್ಬಲ್ ಕೆಳಗಿನವರೆಗೂ ಅದೇ ಕಲ್ಲು. ಮೇಲ್ಮೈ ಸ್ವಲ್ಪ ಉಜ್ಜಿ ತೆಗೆದರೆ ಒಳಗೆ ಹೊಸ ಕಲ್ಲೇ ಇದೆ. ನೆಲ ಪಾಲಿಶ್ ನನ್ನ ಕೆಲಸ. ಕಲಿಯೋಕೆ ಬರುವ ಹುಡುಗರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೆಲಕ್ಕೆ ಏನಾಗಿದೆ ಅಂತ ನೋಡಿ. ಮಾರ್ಬಲ್ ಮೆದು ಕಲ್ಲು. ಗಡಸುತನದ ಮೋಸ್ ಅಳತೆಯಲ್ಲಿ 3ರ ಆಸುಪಾಸು, ಗ್ರಾನೈಟ್ ಆದರೆ 6ರಿಂದ 7. ಚಪ್ಪಲಿಗೆ ಅಂಟಿದ ಮರಳೇ ಸಾಕು, ಗೀರು ಬೀಳುತ್ತದೆ. ಇನ್ನೊಂದು ಶತ್ರು ಹುಳಿ. ದೇವರ ಮನೆ ಮುಂದೆ ಕೂತು ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ ಅಲ್ವಾ, ಅಲ್ಲಿ ಬಿಳಿ ಬಿಳಿ ಉಂಗುರ ಉಳಿದಿರುತ್ತದೆ. ಅದು ಕಲೆಯಲ್ಲ. ಮಾರ್ಬಲ್‌ನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟನ್ನು ಹುಳಿ ತಿಂದಿದೆ. ಸೋಪು ಹಾಕಿ ಎಷ್ಟು ಒರೆಸಿದರೂ ಹೋಗಲ್ಲ, ಉಜ್ಜಲೇಬೇಕು. ಬಾತ್‌ರೂಮ್ ತೊಳೆಯುವ ಆಸಿಡ್ ಅಂತೂ ಹತ್ತಿರಕ್ಕೂ ತರಬೇಡಿ.

ನೇರವಾಗಿ ಹಾಲ್‌ನಲ್ಲಿ ಕೈ ಇಡಬೇಡಿ. ಮಾರ್ಬಲ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು ಸಿಗುತ್ತದೆ. ಅದರ ಮೇಲೆ ಕೈ ಕುದುರಲಿ, ಆಮೇಲೆ ಮಂಚದ ಕೆಳಗಿನ ಮೂಲೆ.

ವೇಗ ಕಮ್ಮಿ ಜಾಸ್ತಿ ಮಾಡಬಹುದಾದ, ನೀರು ಹಾಕಿ ಓಡಿಸುವ ಪಾಲಿಶರ್ ಬೇಕು. ಕಲ್ಲು ಕತ್ತರಿಸುವ ಸಾಮಾನ್ಯ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತದೆ. ಆ ವೇಗಕ್ಕೆ ಪ್ಯಾಡ್ (ಮಿಷನ್ ತಳಕ್ಕೆ ಹಾಕುವ, ಕಲ್ಲು ಉಜ್ಜುವ ಬಿಲ್ಲೆ) ಸುಟ್ಟು ಅದರ ಬಣ್ಣ ಕಲ್ಲಿಗೆ ಹತ್ತುತ್ತದೆ. ಡೈಮಂಡ್ ಪ್ಯಾಡ್ 100, 200, 400, 800, 1500, 3000 ನಂಬರ್ ತಗೊಳ್ಳಿ. ನಂಬರ್ ಚಿಕ್ಕದಾದರೆ ಪ್ಯಾಡ್ ಒರಟು, ದೊಡ್ಡದಾದಷ್ಟೂ ನಯ. ಬಿಳಿ ಮಾರ್ಬಲ್‌ಗೆ ಬಿಳಿ ಪ್ಯಾಡೇ ಒಳ್ಳೆಯದು. ನೀರು, ಕರೆಂಟು ಎರಡೂ ಒಂದೇ ಕಡೆ ಇರುತ್ತವೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿನಲ್ಲಿ ದಯವಿಟ್ಟು ಕೆಲಸ ಮಾಡಬೇಡಿ. ರಬ್ಬರ್ ಬೂಟು, ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ.

ಇನ್ನು ಉಜ್ಜುವುದು. ಕಲ್ಲಿನ ಮೇಲೆ ಪೆನ್ಸಿಲ್‌ನಲ್ಲಿ ಅಡ್ಡಡ್ಡ ಗೆರೆ ಎಳೆಯಿರಿ. ನೆಲ ಒದ್ದೆ ಮಾಡಿ, 100 ನಂಬರ್ ಪ್ಯಾಡನ್ನು ಒತ್ತದೆ, ಮಿಷನ್ ಭಾರದಲ್ಲೇ ಉದ್ದಕ್ಕೆ ಓಡಿಸಿ. ಹಾಲಿನಂಥ ನೀರು ಬರುತ್ತದೆ. ಒಂದು ಕಡೆ ಗೆರೆ ಉಳಿದಿದ್ದರೆ ಅಲ್ಲಿ ಪ್ಯಾಡ್ ತಾಗಿಲ್ಲ ಅಂತ ಅರ್ಥ. ಗೆರೆಯೆಲ್ಲ ಹೋದ ಮೇಲೆ ತೊಳೆದು, ವೈಪರ್‌ನಲ್ಲಿ ಎಳೆದು, ಪೂರ್ತಿ ಒಣಗಿಸಿ. ಒದ್ದೆ ಕಲ್ಲು ಯಾವಾಗಲೂ ಚೆನ್ನಾಗೇ ಕಾಣುತ್ತದೆ, ಅದನ್ನು ನಂಬಬೇಡಿ. ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ನೆಲಕ್ಕೆ ಒರಗಿಸಿ ಹಿಡಿಯಿರಿ. ಒಂದೊಂದು ಗೀರೂ ಎದ್ದು ಕಾಣುತ್ತದೆ. ಮುಂದಿನ 200ನ್ನು ಅಡ್ಡಕ್ಕೆ ಓಡಿಸಿ. ಆಮೇಲೂ ಉಳಿದ ದಪ್ಪ ಗೀರು ಹಳೇ ನಂಬರಿನದು. ಅದು ಹೋಗುವವರೆಗೂ ಮುಂದಕ್ಕೆ ಹೋಗಬೇಡಿ. ಯಾವ ನಂಬರನ್ನೂ ಹಾರಿಸಬೇಡಿ. 100ರ ಗೀರನ್ನು 800 ತೆಗೆಯೋದಿಲ್ಲ, ಸುಮ್ನೆ ಅದರ ಮೇಲೆ ಹೊಳಪು ಕೊಡುತ್ತದೆ ಅಷ್ಟೇ. ನಂಬರ್ ಬದಲಿಸುವಾಗ ಬಕೆಟ್ ನೀರೂ ಬದಲಿಸಿ, ಒಂದು ದಪ್ಪ ಕಣ ಉಳಿದರೂ ಹೊಸ ಗೀರು.

ಬರೀ ಹುಳಿ ಉಂಗುರ ಇದ್ದರೆ 400ರಿಂದ ಶುರು ಮಾಡಿದರೆ ಸಾಮಾನ್ಯವಾಗಿ ಸಾಕು. ಕಲ್ಲುಗಳ ಅಂಚು ಮೇಲೆ ಕೆಳಗೆ ಇದ್ದರೆ ದೊಡ್ಡ ಮಿಷನ್‌ನವರನ್ನೇ ಕರೆಸಿ.

3000 ಆದ ಮೇಲೆ ಮಾರ್ಬಲ್ ಪಾಲಿಶ್ ಪುಡಿ. ಹಲವು ಪುಡಿಗಳಲ್ಲಿ ಆಕ್ಸಾಲಿಕ್ ಆಸಿಡ್ ಇರುತ್ತದೆ, ಅದು ವಿಷ. ಗ್ಲೌಸ್ ಹಾಕಿ, ಮಕ್ಕಳನ್ನು ದೂರ ಇಡಿ, ಕೊನೆಗೆ ಚೆನ್ನಾಗಿ ತೊಳೆಯಿರಿ. ಹಾಲಿನಂಥ ನೀರನ್ನು ಮೋರಿಗೆ ಬಿಡಬೇಡಿ, ಪೈಪಿನಲ್ಲಿ ಗಟ್ಟಿಯಾಗುತ್ತದೆ. ಬಕೆಟ್‌ನಲ್ಲಿ ರಾತ್ರಿಯೆಲ್ಲ ಬಿಟ್ಟರೆ ತಳಕ್ಕೆ ಕೂರುತ್ತದೆ, ಒಣಗಿಸಿ ಚೀಲಕ್ಕೆ ತುಂಬಿ.

ನೆಲ ಪೂರ್ತಿ ಆರಿದ ಮೇಲೆ ಸೀಲರ್ (ಕಲ್ಲಿನ ಸಣ್ಣ ರಂಧ್ರಗಳಿಗೆ ಇಳಿಯುವ ರಕ್ಷಣೆಯ ದ್ರಾವಣ) ಹಚ್ಚಬಹುದು. ಅದು ಎಣ್ಣೆ, ಅರಿಶಿನದ ಕಲೆ ಬೇಗ ಇಳಿಯದಂತೆ ತಡೆಯುತ್ತದೆ. ಹುಳಿಯನ್ನು ತಡೆಯಲ್ಲ.