32 ಜಿಬಿ ಲ್ಯಾಪ್‌ಟಾಪಿಗೆ ಡೆಬಿಯನ್ ಹಾಕಿದ ಬಗೆ

ವಿಜಯಪುರದಲ್ಲಿ ಪದವಿ ಓದುತ್ತಿರುವ ನನ್ನ ಅಕ್ಕನ ಮಗಳ ಲ್ಯಾಪ್‌ಟಾಪಿನಲ್ಲಿರುವುದು ಒಟ್ಟು 32 ಜಿಬಿ ಜಾಗ. ಅದೂ ಮದರ್‌ಬೋರ್ಡಿಗೇ ಬೆಸೆದ ಇಎಂಎಂಸಿ ಎಂಬ ಸಂಗ್ರಹ ಚಿಪ್. ಬಿಚ್ಚಿ ದೊಡ್ಡದನ್ನು ಕೂರಿಸುವಂತಿಲ್ಲ. ವಿಂಡೋಸ್ 10 ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಜಾಗ ಸಾಲದೆಂದು ನಿಂತುಬಿಡುತ್ತಿತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲವೂ ಮುಗಿಯಿತು. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಬೇಕು. ಪರದೆ, ಕೀಲಿಮಣೆ, ಬ್ಯಾಟರಿ ಎಲ್ಲವೂ ಗಟ್ಟಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪಲಿಲ್ಲ.

ವಿಂಡೋಸನ್ನೂ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕಬಹುದೇ ಎಂದು ಅವಳು ಕೇಳಿದಳು. ಇಷ್ಟು ಜಾಗದಲ್ಲಿ ಎರಡೂ ಉಸಿರುಗಟ್ಟುತ್ತವೆ. ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿ, ಡಿಸ್ಕನ್ನು ಪೂರ್ತಿ ಅಳಿಸಿ, ಲಿನಕ್ಸ್ ಬಗೆಗಳಲ್ಲೊಂದಾದ ಡೆಬಿಯನ್ 13 ಹಾಕಿದೆ. ಅದನ್ನು ಹಾಕಲು ಬಳಸುವ ನೆಟ್‌ಇನ್‌ಸ್ಟ್ ಕಡತ 1 ಜಿಬಿಗಿಂತ ಚಿಕ್ಕದು. ಉಳಿದದ್ದನ್ನು ಇಂಟರ್‌ನೆಟ್ಟಿನಿಂದ ತಾನೇ ತರಿಸಿಕೊಳ್ಳುತ್ತದೆ. ವೈಫೈ ಚಿಪ್ ನಡೆಸುವ ಫರ್ಮ್‌ವೇರ್ ಡೆಬಿಯನ್ 12ರಿಂದ ಅದರಲ್ಲೇ ಸೇರಿರುವುದರಿಂದ ಬೇರೆ ಹುಡುಕಬೇಕಾಗಲಿಲ್ಲ.

ಜಾಗ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಪಾರ್ಟಿಶನ್ ಮಾಡುವಾಗ, ಅಂದರೆ ಡಿಸ್ಕನ್ನು ಭಾಗ ಮಾಡುವಾಗ. ಬೂಟ್ ಆಗಲು ಬೇಕಾದ ಇಎಫ್‌ಐ ಭಾಗಕ್ಕೆ 500 ಎಂಬಿ ಬಿಟ್ಟು, ಉಳಿದದ್ದನ್ನೆಲ್ಲ ಒಂದೇ ಭಾಗ ಮಾಡಿದೆ. ಚಿಕ್ಕ ಡಿಸ್ಕಿನಲ್ಲಿ ಬಳಕೆದಾರರ ಕಡತಗಳಿರುವ 'ಹೋಮ್' ಬೇರೆ ಮಾಡಿದರೆ ಒಂದು ಕಡೆ ತುಂಬಿ ತುಳುಕುತ್ತದೆ, ಇನ್ನೊಂದು ಕಡೆ ಖಾಲಿ ಬಿದ್ದಿರುತ್ತದೆ. ರ್‍ಯಾಮ್ ಸಾಲದಾಗ ಡಿಸ್ಕನ್ನು ಬಳಸುವ ಸ್ವಾಪಿಗೂ ಭಾಗ ಕೊಡಲಿಲ್ಲ. ಅದರ ಬದಲು ಝಡ್‌ರ್‍ಯಾಮ್ ಹಾಕಿದೆ. ಅದು ರ್‍ಯಾಮಿನೊಳಗೇ ಮಾಹಿತಿಯನ್ನು ಒತ್ತಿಟ್ಟು ಕೆಲಸ ಸಾಗಿಸುತ್ತದೆ. ತಂತ್ರಾಂಶ ಆರಿಸುವ ಪುಟದಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪಿನ ಮೇಲಿನ ಗುರುತು ತೆಗೆದು, ಹಗುರಾದ ಎಲ್‌ಎಕ್ಸ್‌ಕ್ಯೂಟಿಗೆ ಗುರುತು ಹಾಕಿದೆ.

ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಉಳಿತಾಯವಿದೆ. ಇಎಕ್ಸ್‌ಟಿ4 ಕಡತ ವ್ಯವಸ್ಥೆ ತನ್ನ ಶೇ. 5ರಷ್ಟು ಜಾಗವನ್ನು ರೂಟ್ ಎಂಬ ನಿರ್ವಾಹಕ ಬಳಕೆದಾರನಿಗೆಂದು ಕಾದಿರಿಸುತ್ತದೆ. ನಮ್ಮ ಡಿಸ್ಕಿನಲ್ಲಿ ಅದು ಸುಮಾರು 1.4 ಜಿಬಿ. 'ಟ್ಯೂನ್2ಎಫ್‌ಎಸ್' ಆದೇಶದಿಂದ ಅದನ್ನು ಶೇ. 1ಕ್ಕೆ ಇಳಿಸಿದ ಕೂಡಲೇ 1 ಜಿಬಿಗಿಂತ ಹೆಚ್ಚು ಕೈಗೆ ಬಂತು. ಯಾವ ಕಡತವನ್ನೂ ಅಳಿಸಬೇಕಾಗಲಿಲ್ಲ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎರಡನ್ನೂ ಡೆಬಿಯನ್ನಿನದೇ ತಂತ್ರಾಂಶ ಹಾಕುವ ಸಾಧನ 'ಆಪ್ಟ್' ಮೂಲಕವೇ ಹಾಕಿದೆ. ತಂತ್ರಾಂಶ ಹಾಕುವ ಇನ್ನೊಂದು ವಿಧಾನವಾದ ಫ್ಲ್ಯಾಟ್‌ಪ್ಯಾಕ್ ತನ್ನ ಜೊತೆ ಪೂರಕ ತಂತ್ರಾಂಶಗಳ ಇಡೀ ಸಂಸಾರವನ್ನೇ ಹೊತ್ತು ತರುತ್ತದೆ. ಆಗಾಗ 'ಆಪ್ಟ್ ಕ್ಲೀನ್' ಕೊಟ್ಟರೆ ಇಳಿಸಿಕೊಂಡ ಹಳೆಯ ಪ್ಯಾಕೇಜುಗಳು ಹೋಗುತ್ತವೆ. ಇಷ್ಟೆಲ್ಲ ಆದ ಮೇಲೂ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇದೆ.

ಪಾಠದ ವಿಡಿಯೊಗಳಿಗೆ ಗಾಂಧಿ ಚೌಕದ ಅಂಗಡಿಯಿಂದ ಮೈಕ್ರೊ ಎಸ್‌ಡಿ ಕಾರ್ಡ್ ತಂದೆವು. ಅದನ್ನು, ಬೂಟ್ ಆಗುವಾಗ ಯಾವ ಡಿಸ್ಕುಗಳನ್ನು ಜೋಡಿಸಬೇಕೆಂದು ಹೇಳುವ 'ಎಫ್‌ಎಸ್‌ಟ್ಯಾಬ್' ಕಡತದಲ್ಲಿ ಸೇರಿಸುವಾಗ 'ನೋಫೇಲ್' ಎಂದು ಬರೆಯಲೇಬೇಕು. ಇಲ್ಲದಿದ್ದರೆ ಕಾರ್ಡ್ ತೆಗೆದ ದಿನ ಯಂತ್ರ 90 ಸೆಕೆಂಡ್ ಕಾದು, ತುರ್ತು ಪರದೆಗೆ ಬಂದು ನಿಲ್ಲುತ್ತದೆ.

ಕನ್ನಡಕ್ಕೆ ಏನನ್ನೂ ಹೊಸದಾಗಿ ಹಾಕಬೇಕಿರಲಿಲ್ಲ. ಕೀಲಿಮಣೆಗಳ ಪಟ್ಟಿಯಲ್ಲೇ ಕನ್ನಡ ಕಗಪ ವಿನ್ಯಾಸ ಇದೆ. ಇದೇ ವಿನ್ಯಾಸದ 'ನುಡಿ' ತಂತ್ರಾಂಶದಲ್ಲಿ ಟೈಪಿಂಗ್ ಕಲಿತ ಹುಡುಗಿ 'ಎಫ್' ಒತ್ತಿ ಒತ್ತಕ್ಷರ ಮೂಡಿಸಿ, "ಮಾಮಾ, ಬೆರಳಿಗೆ ಇದು ಗೊತ್ತಿದೆ" ಎಂದವಳೇ ಪ್ರಬಂಧ ಬರೆಯಲು ಕುಳಿತಳು.